ಮನಿಲಾದ ಹೊಸ ನರ್ಸ್ ಹೊರದೇಶಕ್ಕೆ ಹೋಗುವ ದಾರಿ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಸೌದಿಯ ಐಸಿಯು ಇರಲಿ, ಲಂಡನ್ನಿನ ವಾರ್ಡ್ ಇರಲಿ, ನಮ್ಮ ಕಡೆಯ ನರ್ಸ್ ಡ್ಯೂಟಿಗೆ ಹೋದರೆ ಜೊತೆಯಲ್ಲಿ ಫಿಲಿಪ್ಪೀನ್ಸ್‌ನವರು ಒಬ್ಬರಾದರೂ ಇದ್ದೇ ಇರುತ್ತಾರೆ. ಬ್ರಿಟನ್ನಿನ ನರ್ಸಿಂಗ್ ನೋಂದಣಿ ಪಟ್ಟಿಯಲ್ಲಿ ಹೊರಗೆ ಓದಿ ಬಂದವರ ಪೈಕಿ ಭಾರತದವರು ಮೊದಲ ಸ್ಥಾನದಲ್ಲಿದ್ದಾರೆ, ಫಿಲಿಪ್ಪೀನ್ಸ್‌ನವರು ಎರಡನೇ ಸ್ಥಾನದಲ್ಲಿದ್ದಾರೆ. ಬರೆಯುವ ಪರೀಕ್ಷೆ ಒಂದೇ, ನಿಲ್ಲುವ ಕ್ಯೂ ಒಂದೇ. ಆದರೆ ಆ ಕ್ಯೂವರೆಗೆ ಬರುವ ರೀತಿ ಬೇರೆ. ಫಿಲಿಪ್ಪೀನ್ಸ್ ಸರ್ಕಾರ 1974ರ ಕಾರ್ಮಿಕ ಸಂಹಿತೆಯಿಂದಲೇ ಹೊರದೇಶದ ಕೆಲಸಕ್ಕೆ ಒಂದು ವ್ಯವಸ್ಥೆ ಕಟ್ಟಿಕೊಂಡು ಬಂದಿದೆ. ಅಲ್ಲಿ ಹೊಸದಾಗಿ ಪಾಸಾದ ನರ್ಸ್‌ಗೆ ಮುಂದಿನ ಹೆಜ್ಜೆ ಯಾವುದು ಅಂತ ಹೇಳಲು ಮನೆಯಲ್ಲೇ ಒಬ್ಬ ಅಕ್ಕನೋ ಚಿಕ್ಕಮ್ಮನೋ ಇರುತ್ತಾರೆ.

ನಮ್ಮಲ್ಲಿ ಬಹಳ ಮಕ್ಕಳಿಗೆ ಅದನ್ನು ಹೇಳುವವರಿಲ್ಲ. ಅದಕ್ಕೇ ಅವರ ದಾರಿಯನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕೋರ್ಸ್ ಮುಗಿಸಿದವರಿಗೆ ಎಲ್ಲಿ ಬದಲಾಗುತ್ತದೆ ಅನ್ನುವುದನ್ನೂ ಅಲ್ಲಲ್ಲೇ ಸೇರಿಸಿದ್ದೇನೆ. ಮುಖ್ಯವಾಗಿ ಹೇಳಬೇಕಾದದ್ದು ಒಂದೇ: ಸರದಿ ತಪ್ಪಬೇಡಿ. ದುಡ್ಡು, ವರ್ಷ ಎರಡೂ ಹೋಗುವುದು ಸರದಿ ತಪ್ಪಿದಾಗಲೇ.

ಹಂತ 1: ಊರಿನ ಲೈಸೆನ್ಸ್

ಫಿಲಿಪ್ಪೀನ್ಸ್‌ನಲ್ಲಿ ನಾಲ್ಕು ವರ್ಷದ ಬಿಎಸ್ ನರ್ಸಿಂಗ್ ಪದವಿ ಮುಗಿದರೆ ನರ್ಸ್ ಆದಂತೆ ಅಲ್ಲ. ಪಿಆರ್‌ಸಿ ಅನ್ನುವ ಸರ್ಕಾರಿ ಆಯೋಗ ನಡೆಸುವ ಬೋರ್ಡ್ ಪರೀಕ್ಷೆ ಬರೆಯಬೇಕು. ಈಚಿನ ವರ್ಷಗಳಲ್ಲಿ ಇದು ಮೇ ಮತ್ತು ನವೆಂಬರ್‌ನಲ್ಲಿ ನಡೆಯುತ್ತಿದೆ. ಐದು ಪೇಪರ್, ಪ್ರತಿಯೊಂದಕ್ಕೂ 100 ಪ್ರಶ್ನೆ. ಪಾಸಾಗಲು ಒಟ್ಟು ಸರಾಸರಿ 75% ಬೇಕು, ಯಾವ ಪೇಪರ್‌ನಲ್ಲೂ 60%ಗಿಂತ ಕೆಳಗೆ ಹೋಗಬಾರದು. ಸರಾಸರಿ ಬಂದು ಒಂದರಲ್ಲಿ ಮಾತ್ರ ಕಮ್ಮಿಯಾದರೆ ಆ ಪೇಪರ್ ಮಾತ್ರ ಮತ್ತೆ ಬರೆಯಬಹುದು. ಇದೆಲ್ಲ 2002ರ ನರ್ಸಿಂಗ್ ಕಾಯ್ದೆಯಲ್ಲೇ ಇದೆ. ಆಮೇಲೆ ಪ್ರಮಾಣವಚನ, ನೋಂದಣಿ, ಕೈಗೆ ಪಿಆರ್‌ಸಿ ಐಡಿ. ಅದನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು.

ಈ ಪರೀಕ್ಷೆಯ ಮೇಲೆ ಹೊರದೇಶಗಳೂ ಕಣ್ಣಿಟ್ಟಿರುತ್ತವೆ. 2006ರ ಜೂನ್‌ನಲ್ಲಿ ಪ್ರಶ್ನೆಪತ್ರಿಕೆ ಸೋರಿಕೆಯಾಯಿತು. ಅಮೆರಿಕಕ್ಕೆ ಹೋಗುವ ನರ್ಸ್‌ಗಳ ದಾಖಲೆ ಪರಿಶೀಲಿಸುವ ಸಂಸ್ಥೆ ಮರುವರ್ಷ ಆ ಬ್ಯಾಚ್‌ನವರಿಗೆ ವೀಸಾಕ್ಕೆ ಬೇಕಾದ ವೀಸಾಸ್ಕ್ರೀನ್ ಪ್ರಮಾಣಪತ್ರ ಕೊಡುವುದಿಲ್ಲ ಅಂದುಬಿಟ್ಟಿತು. ಸೋರಿದ ಎರಡು ಪೇಪರ್‌ಗಳನ್ನು ಮತ್ತೆ ಬರೆದು ಪಾಸಾದವರಿಗೆ ಮಾತ್ರ ದಾರಿ ತೆರೆಯಿತು. ಕಷ್ಟಪಟ್ಟು ಓದಿ ಬರೆದಿದ್ದ ಸಾವಿರಾರು ಮಕ್ಕಳೂ ಅದರಲ್ಲಿ ಸಿಕ್ಕಿಕೊಂಡರು.

ಕರ್ನಾಟಕದಲ್ಲಿ ಕೋರ್ಸ್ ಮುಗಿದ ಮೇಲೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಬೇಕು. ‘ಕೆಲಸ ಸಿಕ್ಕ ಮೇಲೆ ಮಾಡಿಸೋಣ’ ಅಂತ ಬಿಡಬೇಡಿ. ಹೊರದೇಶದ ಯಾವ ಕೌನ್ಸಿಲ್ ಆದರೂ ಮೊದಲು ಕೇಳುವುದು ಊರಿನ ನೋಂದಣಿಯನ್ನೇ. ಅನುಭವವನ್ನು ಲೆಕ್ಕ ಹಾಕುವುದೂ ಆ ತಾರೀಖಿನಿಂದಲೇ.

ಹಂತ 2: ಊರಲ್ಲಿ ಇರುವಾಗಲೇ ಕಾಗದಪತ್ರ

ಜಾಸ್ತಿ ಜನ ಹಗುರವಾಗಿ ನೋಡುವ ಹಂತ ಇದು. ಅಪಾರ ಹೊತ್ತು ನುಂಗುವುದೂ ಇದೇ.

ಮೊದಲು ಹೆಸರು. ಫಿಲಿಪ್ಪೀನ್ಸ್‌ನಲ್ಲಿ ಮಕ್ಕಳ ಹೆಸರಿನ ನಡುವೆ ಅಮ್ಮನ ತವರು ಮನೆತನದ ಹೆಸರು ಬರುತ್ತದೆ. ಜನನ ಪ್ರಮಾಣಪತ್ರದಲ್ಲಿ ಅದರ ಒಂದಕ್ಷರ ತಪ್ಪಿದ್ದರೂ ಕಾಲೇಜಿನ ಅಂಕಪಟ್ಟಿ, ಪಿಆರ್‌ಸಿ ಐಡಿ, ಪಾಸ್‌ಪೋರ್ಟ್ ಒಂದಕ್ಕೊಂದು ಹೊಂದುವುದಿಲ್ಲ. 2001ರ ಒಂದು ಕಾಯ್ದೆಯಿಂದ ಇಂಥ ಬರವಣಿಗೆಯ ತಪ್ಪನ್ನು ಕೋರ್ಟಿಗೆ ಹೋಗದೆ ಸ್ಥಳೀಯ ನೋಂದಣಿ ಕಚೇರಿಯಲ್ಲೇ ತಿದ್ದಿಸಬಹುದು. ತಿಳಿದವರು ಬೋರ್ಡ್ ಪರೀಕ್ಷೆಗೆ ಮೊದಲೇ ಇದನ್ನು ಮುಗಿಸಿಕೊಳ್ಳುತ್ತಾರೆ. ಮದುವೆಯಾದ ಹುಡುಗಿಯರಿಗೆ ಇನ್ನೊಂದು ಮಾತು: ಹೊರದೇಶದ ನೋಂದಣಿ ಅರ್ಧದಲ್ಲಿರುವಾಗ ಗಂಡನ ಮನೆತನದ ಹೆಸರಿಗೆ ಬದಲಾಗಬೇಡಿ. ಒಂದೋ ಅರ್ಜಿಗೆ ಮೊದಲು ಎಲ್ಲದರಲ್ಲೂ ಬದಲಿಸಿ, ಇಲ್ಲವೇ ಎಲ್ಲ ಮುಗಿದ ಮೇಲೆ.

ನಮ್ಮಲ್ಲಿ ಈ ತೊಂದರೆಗೆ ಕಾರಣ ಇನಿಶಿಯಲ್. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಮಂಜುಳಾ ಎಸ್’, ನರ್ಸಿಂಗ್ ಅಂಕಪಟ್ಟಿಯಲ್ಲಿ ‘ಎಸ್ ಮಂಜುಳಾ’, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಪೂರ್ತಿ. ನಮಗೆ ಎಲ್ಲ ಒಬ್ಬಳೇ ಅಂತ ಗೊತ್ತು. ದುಬೈನಲ್ಲಿ ಕಡತ ನೋಡುವವರಿಗೆ ಇವರು ಮೂರು ಜನ. ಪಾಸ್‌ಪೋರ್ಟ್ ಮಾಡಿಸುವ ದಿನವೇ ಹೆಸರು ಹೇಗಿರಬೇಕು ಅಂತ ಯೋಚಿಸಿ. ಆಗಲೇ ವ್ಯತ್ಯಾಸ ಆಗಿದ್ದರೆ ‘ಈ ಎಲ್ಲ ಹೆಸರೂ ಒಬ್ಬರದೇ’ ಅನ್ನುವ ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ.

ಆಮೇಲೆ ಕಾಲೇಜಿನ ದಾಖಲೆ. ಪದವಿ ಪತ್ರ ಒಂದಿದ್ದರೆ ಸಾಲದು. ಯಾವ ವಿಷಯಕ್ಕೆ ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ಆಸ್ಪತ್ರೆ ತರಬೇತಿ ಅನ್ನುವ ವಿವರವುಳ್ಳ ಟ್ರಾನ್ಸ್‌ಕ್ರಿಪ್ಟ್ ಬೇಕು. ಸಿಲೆಬಸ್ ಪ್ರತಿ ಕೇಳುವ ದೇಶಗಳೂ ಇವೆ. ಕೆಲವು ಸಂಸ್ಥೆಗಳಿಗೆ ಈ ದಾಖಲೆ ನಿಮ್ಮ ಕೈಯಿಂದ ಹೋಗುವಂತೆಯೇ ಇಲ್ಲ, ಕಾಲೇಜೋ ವಿಶ್ವವಿದ್ಯಾಲಯವೋ ನೇರವಾಗಿ ಕಳಿಸಬೇಕು. ಹಾಗಾಗಿ ಕಾಲೇಜು ಬಿಡುವ ಮುಂಚೆ ಕಚೇರಿಯಲ್ಲಿ ಈ ಕೆಲಸ ಯಾರು ನೋಡುತ್ತಾರೆ, ಅವರ ಇಮೇಲ್ ಯಾವುದು ಅಂತ ಬರೆದುಕೊಳ್ಳಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಓದಿದವರು ಒಂದೆರಡು ಸೆಟ್ ಜಾಸ್ತಿಯೇ ತೆಗೆಸಿಡಿ. ವಿದೇಶದಲ್ಲಿ ಕೂತು ಅಪ್ಪನನ್ನು ಜಯನಗರದ ಕೌಂಟರ್‌ಗೆ ಅಲೆಸುವುದಕ್ಕಿಂತ ಅದು ಸುಲಭ, ಅಲ್ವಾ?

ಕೊನೆಗೆ ಅಪೋಸ್ಟಿಲ್. ಒಂದು ದೇಶದ ಸರ್ಕಾರಿ ದಾಖಲೆ ಅಸಲಿ ಅಂತ ಇನ್ನೊಂದು ದೇಶ ಒಪ್ಪಲು ಹಾಕುವ ಮುದ್ರೆ ಅದು. ಫಿಲಿಪ್ಪೀನ್ಸ್ ಈ ಒಪ್ಪಂದಕ್ಕೆ ಬಂದದ್ದು 2019ರ ಮೇ ತಿಂಗಳಲ್ಲಿ. ಅದಕ್ಕೂ ಮೊದಲು ಪ್ರತಿ ಕಾಗದಕ್ಕೂ ರಾಯಭಾರ ಕಚೇರಿಯ ಬಾಗಿಲಲ್ಲಿ ಕ್ಯೂ ನಿಲ್ಲಬೇಕಿತ್ತು. ಭಾರತ 2005ರಿಂದಲೇ ಇದರಲ್ಲಿದೆ. ಯುಎಇ, ಕುವೈತ್‌ನಂಥ ಕಡೆಗೆ ಹೋಗುವವರಿಗೆ ಈಗಲೂ ರಾಯಭಾರ ಕಚೇರಿಯ ಮುದ್ರೆಯೇ ಬೇಕು. ಆದ್ದರಿಂದ ದೇಶ ಗೊತ್ತಾಗುವ ಮೊದಲೇ ಎಲ್ಲಕ್ಕೂ ಮುದ್ರೆ ಹಾಕಿಸಿ ದುಡ್ಡು ಸುರಿಯಬೇಡಿ.

ಹಂತ 3: ಬೆಡ್ ಪಕ್ಕದ ಎರಡು ವರ್ಷ

ಲೈಸೆನ್ಸ್ ಬಂದ ತಕ್ಷಣ ಏಜೆನ್ಸಿಗೆ ಓಡುವವರು ಎಡವುವುದು ಇಲ್ಲೇ. ಗಲ್ಫ್ ಆಸ್ಪತ್ರೆಗಳು ಬಹುತೇಕ ಎರಡು ವರ್ಷದ ಅನುಭವ ಕೇಳುತ್ತವೆ. ನಿಯಮದಲ್ಲಿ ಅನುಭವ ಬೇಡ ಅನ್ನುವ ದೇಶಗಳಲ್ಲೂ ಸಂದರ್ಶನ ಮಾಡುವ ಆಸ್ಪತ್ರೆ ಅದನ್ನು ನೋಡಿಯೇ ನೋಡುತ್ತದೆ.

ಇದೇ ಎರಡು ವರ್ಷಕ್ಕಾಗಿ ಫಿಲಿಪ್ಪೀನ್ಸ್‌ನ ಹೊಸ ನರ್ಸ್‌ಗಳು ಪಟ್ಟ ಪಾಡು ಸಣ್ಣದಲ್ಲ. 2000ರ ದಶಕದಲ್ಲಿ ಅಮೆರಿಕದ ಆಸೆಗೆ ಅಲ್ಲಿ ನರ್ಸಿಂಗ್ ಕಾಲೇಜುಗಳು ಎಲ್ಲೆಂದರಲ್ಲಿ ತೆರೆದವು. ಡಾಕ್ಟರುಗಳೂ ಮತ್ತೆ ನರ್ಸಿಂಗ್ ಓದಿ ಹೊರಟರು. ಅಷ್ಟರಲ್ಲಿ ಅಮೆರಿಕದ ವೀಸಾ ಕಮ್ಮಿಯಾಯಿತು. ಲೈಸೆನ್ಸ್ ಹಿಡಿದ ಮಕ್ಕಳು ಸಾಲುಗಟ್ಟಿ ಕೆಲಸವಿಲ್ಲದೆ ಉಳಿದರು. ಆಗ ಆಸ್ಪತ್ರೆಗಳು ಅವರನ್ನು ‘ವಾಲಂಟಿಯರ್’ ಅಂತ ಸಂಬಳವಿಲ್ಲದೆ ದುಡಿಸಿಕೊಂಡವು. ತರಬೇತಿ ಅಂತ ನರ್ಸ್‌ಗಳಿಂದಲೇ ದುಡ್ಡು ಪಡೆದ ಆಸ್ಪತ್ರೆಗಳೂ ಇದ್ದವು. ರಾತ್ರಿ ಪಾಳಿ ಮಾಡಿದವರೇ ಕೈಯಿಂದ ದುಡ್ಡು ಕೊಡಬೇಕು ಅನ್ನುವುದು ಅನ್ಯಾಯವೇ ಸರಿ. 2011ರಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಇದನ್ನು ನಿಲ್ಲಿಸಲು ಆದೇಶ ಹೊರಡಿಸಿತು. ಸರ್ಕಾರಿ ಆಸ್ಪತ್ರೆಯ ನರ್ಸ್‌ಗೆ ಕಾಯ್ದೆ ಹೇಳಿದ ದರ್ಜೆಯ ಸಂಬಳ, ಅಂದರೆ ತಿಂಗಳಿಗೆ ಸುಮಾರು 30,000 ಪೆಸೊ, ಕೊಡಬೇಕು ಅನ್ನುವ ಕಲಂ ಊರ್ಜಿತ ಅಂತ ಸುಪ್ರೀಂ ಕೋರ್ಟ್ ಎತ್ತಿಹಿಡಿಯಲು 2019ರ ಅಕ್ಟೋಬರ್ ಬರಬೇಕಾಯಿತು.

ಇದರಿಂದ ಹೊಸಬರು ಇಟ್ಟುಕೊಳ್ಳಬೇಕಾದ ಎಚ್ಚರ ಹೀಗೆ. ನೇಮಕಾತಿ ಪತ್ರದಲ್ಲಿ ‘ಟ್ರೇನಿ’, ‘ವಾಲಂಟಿಯರ್’, ‘ಅಬ್ಸರ್ವರ್’ ಅಂತ ಇದ್ದರೆ ಆ ತಿಂಗಳುಗಳು ಅನುಭವಕ್ಕೆ ಸೇರದೇ ಹೋಗಬಹುದು. ‘ಸ್ಟಾಫ್ ನರ್ಸ್’ ಅಂತ ಇರಬೇಕು, ಪೂರ್ಣಾವಧಿ ಅಂತ ಇರಬೇಕು, ಸಂಬಳದ ಚೀಟಿ ಇರಬೇಕು. ಕೈಗೆ ನಗದು ಕೊಡುವ ಸಣ್ಣ ನರ್ಸಿಂಗ್ ಹೋಂಗಿಂತ ಬ್ಯಾಂಕಿಗೆ ಸಂಬಳ ಹಾಕುವ ಆಸ್ಪತ್ರೆ ಒಳ್ಳೆಯದು. ಸಂಬಳ ಒಂದೆರಡು ಸಾವಿರ ಕಮ್ಮಿಯಾದರೂ ಪರವಾಗಿಲ್ಲ.

ವಾರ್ಡ್ ಯಾವುದು ಅನ್ನುವುದೂ ಮುಖ್ಯ. ಐಸಿಯು, ಎಮರ್ಜೆನ್ಸಿ, ಆಪರೇಷನ್ ಥಿಯೇಟರ್, ಡಯಾಲಿಸಿಸ್, ಹೆರಿಗೆ ವಾರ್ಡ್ ಮಾಡಿದವರಿಗೆ ಬೇಡಿಕೆ ಜಾಸ್ತಿ. ಶಾಲೆಯ ನರ್ಸ್, ಕಂಪನಿ ಕ್ಲಿನಿಕ್‌ನ ನರ್ಸ್ ಅನುಭವವನ್ನು ಬಹಳಷ್ಟು ಕಡೆ ಪರಿಗಣಿಸುವುದಿಲ್ಲ. ಮನಿಲಾದಲ್ಲಿ ಇನ್ನೊಂದು ಸೆಳೆತ ಇದೆ. ಅಮೆರಿಕದ ಲೈಸೆನ್ಸ್ ಪಡೆದವರನ್ನು ‘ಯುಎಸ್‌ಆರ್‌ಎನ್’ ಅಂತ ಕರೆದು, ಅಮೆರಿಕದ ಆರೋಗ್ಯ ವಿಮೆಯ ಕಡತ ನೋಡುವ ಕಾಲ್ ಸೆಂಟರ್‌ಗಳು ಒಳ್ಳೆ ಸಂಬಳಕ್ಕೆ ಸೇರಿಸಿಕೊಳ್ಳುತ್ತವೆ. ಎಸಿ ರೂಮು, ಆಸ್ಪತ್ರೆಗಿಂತ ಎಷ್ಟೋ ಹೆಚ್ಚು ದುಡ್ಡು. ಮನೆಯ ಕಷ್ಟಕ್ಕೆ ಅಲ್ಲಿ ಸೇರುವವರನ್ನು ತಪ್ಪು ಅನ್ನಲಾಗದು. ಆದರೆ ಅಲ್ಲಿ ಕಳೆದ ವರ್ಷಗಳು ಬೆಡ್ ಪಕ್ಕದ ಅನುಭವ ಅಲ್ಲ, ಸುಮ್ನೆ ಗ್ಯಾಪ್ ಆಗಿ ಕಾಣುತ್ತವೆ. ಸೇರುವ ಮೊದಲು ಅದು ತಿಳಿದಿರಲಿ.

ಕೆಲಸ ಬಿಡುವಾಗ ಅನುಭವ ಪತ್ರ. ಫಿಲಿಪ್ಪೀನ್ಸ್‌ನಲ್ಲಿ ಕೇಳಿದ ಮೂರು ದಿನದೊಳಗೆ ಕೊಡಬೇಕು ಅಂತ ಕಾರ್ಮಿಕ ಇಲಾಖೆಯ 2020ರ ಸೂಚನೆ ಇದೆ. ಪತ್ರದಲ್ಲಿ ಹುದ್ದೆ, ವಾರ್ಡ್, ಸೇರಿದ ಮತ್ತು ಬಿಟ್ಟ ತಾರೀಖು, ವಾರಕ್ಕೆ ಎಷ್ಟು ಗಂಟೆ, ಆಸ್ಪತ್ರೆಯ ಬೆಡ್ ಸಂಖ್ಯೆ, ಸಹಿ ಹಾಕಿದವರ ಹೆಸರು ಮತ್ತು ಹುದ್ದೆ ಎಲ್ಲವೂ ಬರಲಿ. ‘ನಡತೆ ಉತ್ತಮ’ ಅನ್ನುವ ಎರಡು ಸಾಲಿನ ಪತ್ರದಿಂದ ಉಪಯೋಗವಿಲ್ಲ. ನಮ್ಮ ಮಕ್ಕಳಿಗೆ ಒಂದು ಮಾತು: ಸೇರುವಾಗ ಒರಿಜಿನಲ್ ಸರ್ಟಿಫಿಕೇಟ್ ಕೇಳುವ ಆಸ್ಪತ್ರೆಗೆ ತೋರಿಸಿ, ಜೆರಾಕ್ಸ್ ಕೊಡಿ, ಒರಿಜಿನಲ್ ಮಾತ್ರ ಬಿಟ್ಟು ಬರಬೇಡಿ.

ಹಂತ 4: ಒಂದು ದೇಶ ಆರಿಸಿ

ಈ ಎರಡು ವರ್ಷದ ನಡುವೆಯೇ ದೇಶ ತೀರ್ಮಾನ ಆಗಬೇಕು. ಪ್ರತಿ ದೇಶಕ್ಕೂ ಪರೀಕ್ಷೆ ಬೇರೆ, ಖರ್ಚು ಬೇರೆ. ನಾಲ್ಕು ದೇಶಕ್ಕೆ ಅರ್ಧರ್ಧ ಅರ್ಜಿ ಹಾಕಿದರೆ ನಾಲ್ಕೂ ಅರ್ಧಕ್ಕೇ ನಿಲ್ಲುತ್ತವೆ.

ಅಮೆರಿಕ ಫಿಲಿಪಿನೋಗಳ ಹಳೆಯ ಕನಸು. ಅದಕ್ಕೆ ಬೇಕಾದದ್ದು ಎನ್‌ಕ್ಲೆಕ್ಸ್, ಅಂದರೆ ಅಲ್ಲಿನ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ. 2007ರಿಂದ ಅದನ್ನು ಮನಿಲಾದಲ್ಲೇ ಬರೆಯಬಹುದು. ನಮ್ಮವರಿಗೆ ಬೆಂಗಳೂರಿನಲ್ಲೇ ಕೇಂದ್ರ ಇದೆ. ಕಂಪ್ಯೂಟರ್ ನಿಮ್ಮ ಉತ್ತರ ನೋಡಿಕೊಂಡು ಮುಂದಿನ ಪ್ರಶ್ನೆ ಕೊಡುತ್ತದೆ. ಕನಿಷ್ಠ 85, ಗರಿಷ್ಠ 150 ಪ್ರಶ್ನೆ, ಐದು ಗಂಟೆ. ಶುಲ್ಕ 200 ಡಾಲರ್, ಅಮೆರಿಕದ ಹೊರಗೆ ಬರೆದರೆ ಮೇಲೆ 150. ಅದಕ್ಕೂ ಮೊದಲು ಅಲ್ಲಿನ ಒಂದು ರಾಜ್ಯದ ಬೋರ್ಡ್‌ಗೆ ಅರ್ಜಿ ಹಾಕಬೇಕು. ಫಿಲಿಪಿನೋಗಳು ನ್ಯೂಯಾರ್ಕ್ ಆರಿಸುವುದು ಜಾಸ್ತಿ, ಅಲ್ಲಿ ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದೆಯೂ ಅರ್ಜಿ ನಡೆಯುತ್ತದೆ. ಪಾಸಾದ ಮೇಲೆ ಕೆಲಸ ಕೊಡುವವರ ಅರ್ಜಿ, ವೀಸಾಸ್ಕ್ರೀನ್, ಆಮೇಲೆ ವೀಸಾ ಸರದಿ.

ಆ ಸರದಿಯ ಬಗ್ಗೆ ಕನ್ನಡದ ಓದುಗರು ಗಮನ ಕೊಡಬೇಕು. ಅಮೆರಿಕದ ಮಾಸಿಕ ವೀಸಾ ಪ್ರಕಟಣೆಯಲ್ಲಿ ಫಿಲಿಪ್ಪೀನ್ಸ್‌ಗೂ ಭಾರತಕ್ಕೂ ಬೇರೆ ಬೇರೆ ಸಾಲು. ನರ್ಸ್‌ಗಳು ಬರುವ ಇಬಿ-3 ವರ್ಗದಲ್ಲಿ ಭಾರತದಲ್ಲಿ ಹುಟ್ಟಿದವರ ಕಾಯುವಿಕೆ ಹತ್ತು ವರ್ಷಕ್ಕೂ ಮಿಕ್ಕಿದೆ. ಫಿಲಿಪ್ಪೀನ್ಸ್‌ನವರದು ಅದಕ್ಕಿಂತ ಎಷ್ಟೋ ಕಮ್ಮಿ. ಲೆಕ್ಕ ಹುಟ್ಟಿದ ದೇಶದ್ದು, ಕೆಲಸ ಮಾಡುತ್ತಿರುವ ದೇಶದ್ದಲ್ಲ. ಜೊತೆಯಲ್ಲಿ ಡ್ಯೂಟಿ ಮಾಡಿದ ಫಿಲಿಪಿನೋ ಗೆಳತಿ ಹೋದಳು ಅಂತ ನಾವೂ ಅಷ್ಟೇ ದಿನದಲ್ಲಿ ಹೋಗುತ್ತೇವೆ ಅಂದುಕೊಂಡು ಸಾಲ ಮಾಡಬೇಡಿ.

ಬ್ರಿಟನ್‌ಗೆ ಎನ್‌ಎಂಸಿ, ಅಂದರೆ ಅಲ್ಲಿನ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ. ಮೊದಲು ಊರಲ್ಲೇ ಕಂಪ್ಯೂಟರ್ ಪರೀಕ್ಷೆ. ಅದರಲ್ಲಿ ಔಷಧದ ಲೆಕ್ಕಕ್ಕೆ 15 ಪ್ರಶ್ನೆ, ನರ್ಸಿಂಗ್‌ಗೆ 100, ಶುಲ್ಕ 83 ಪೌಂಡ್. ಆಮೇಲೆ ಅಲ್ಲಿಗೆ ಹೋಗಿ ಆಸ್ಕಿ ಅನ್ನುವ ಹತ್ತು ಸ್ಟೇಷನ್‌ಗಳ ಪ್ರಾಯೋಗಿಕ ಪರೀಕ್ಷೆ. ಅದಕ್ಕೆ 794 ಪೌಂಡ್, ಸಾಮಾನ್ಯವಾಗಿ ನೇಮಿಸಿಕೊಂಡ ಆಸ್ಪತ್ರೆಯೇ ಕಟ್ಟುತ್ತದೆ. ಕಷ್ಟ ಪರೀಕ್ಷೆಯಲ್ಲಿಲ್ಲ, ಕೆಲಸ ಸಿಗುವುದರಲ್ಲಿದೆ. ಕೋವಿಡ್ ಸಮಯದಲ್ಲಿ ಮತ್ತು ಆಮೇಲಿನ ಒಂದೆರಡು ವರ್ಷ ನೇಮಕಾತಿ ಭರಾಟೆಯಿಂದ ನಡೆಯಿತು. 2024ರಿಂದ ಅದು ಇಳಿದಿದೆ. ಆಸ್ಪತ್ರೆಯ ಆಫರ್ ಕೈಗೆ ಬರದೆ ಬ್ರಿಟನ್ ನಂಬಿ ಕೆಲಸ ಬಿಡಬೇಡಿ. ‘ಕೇರ್ ವರ್ಕರ್ ಆಗಿ ಹೋಗಿ, ಆಮೇಲೆ ನರ್ಸ್ ಆಗಬಹುದು’ ಅನ್ನುವ ಏಜೆಂಟರ ಮಾತೂ ಈಗ ನಡೆಯುವುದಿಲ್ಲ. ಹೊರದೇಶದಿಂದ ಹೊಸದಾಗಿ ಕೇರ್ ವರ್ಕರ್‌ಗಳನ್ನು ತರಿಸುವ ವೀಸಾ 2025ರ ಜುಲೈ 22ಕ್ಕೆ ಮುಚ್ಚಿದೆ.

ಗಲ್ಫ್ ದಾರಿ ಇವೆರಡಕ್ಕಿಂತ ಚಿಕ್ಕದು. ಡಾಟಾಫ್ಲೋ ಪರಿಶೀಲನೆ, ಪ್ರೊಮೆಟ್ರಿಕ್ ಕಂಪನಿ ನಡೆಸುವ ಅಥವಾ ಆಯಾ ಪ್ರಾಧಿಕಾರದ ಪರೀಕ್ಷೆ, ಆಮೇಲೆ ಲೈಸೆನ್ಸ್. ಡಾಟಾಫ್ಲೋದವರು ನೀವು ಕೊಟ್ಟ ಪ್ರತಿ ಕಾಗದವನ್ನೂ ಅದನ್ನು ಕೊಟ್ಟ ಕಾಲೇಜು, ಕೌನ್ಸಿಲ್, ಆಸ್ಪತ್ರೆಗೇ ಕಳಿಸಿ ‘ಇದು ನಿಮ್ಮದೇನಾ’ ಅಂತ ಕೇಳುತ್ತಾರೆ. ಆರು ತಿಂಗಳ ಅನುಭವವನ್ನು ಎರಡು ವರ್ಷ ಮಾಡಿಕೊಡುತ್ತೇವೆ ಅನ್ನುವವರು ಮನಿಲಾದಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ. ಒಮ್ಮೆ ಸುಳ್ಳು ಪತ್ರ ಸಿಕ್ಕಿಬಿದ್ದರೆ ಆ ವರದಿ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ. ದಯವಿಟ್ಟು ಅದರ ಹತ್ತಿರವೂ ಹೋಗಬೇಡಿ.

ಆಸ್ಟ್ರೇಲಿಯಾಗೆ ಹೋಗಬೇಕಾದರೆ ನಮ್ಮವರೂ ಫಿಲಿಪಿನೋಗಳೂ ಬಹುತೇಕ ಎನ್‌ಕ್ಲೆಕ್ಸ್ ಬರೆದು, ಅಡಿಲೇಡ್‌ಗೆ ಹೋಗಿ ಆಸ್ಕಿ ಪಾಸಾಗಬೇಕು. 2025ರ ಏಪ್ರಿಲ್‌ನಿಂದ ಒಂದು ಹತ್ತಿರದ ದಾರಿ ಶುರುವಾಗಿದೆ. ಬ್ರಿಟನ್, ಐರ್ಲೆಂಡ್, ಅಮೆರಿಕ, ಸಿಂಗಾಪುರದಂಥ ಕೆಲವು ಕಡೆ ನೋಂದಣಿ ಆಗಿ 1,800 ಗಂಟೆ ಕೆಲಸ ಮಾಡಿದವರಿಗೆ ಅದು. ಹೀಗಾಗಿ ಹಲವರು ಮೊದಲು ಅಲ್ಲಿಗೆ ಹೋಗಿ ಆಮೇಲೆ ಆಸ್ಟ್ರೇಲಿಯಾ ನೋಡುತ್ತಿದ್ದಾರೆ. ನ್ಯೂಜಿಲೆಂಡ್‌ನಲ್ಲೂ 2023ರ ಕೊನೆಯಿಂದ ಲಿಖಿತ ಪರೀಕ್ಷೆ ಜೊತೆಗೆ ಕ್ರೈಸ್ಟ್‌ಚರ್ಚ್‌ನಲ್ಲಿ ಆಸ್ಕಿ.

ಜರ್ಮನಿಗೆ ಫಿಲಿಪ್ಪೀನ್ಸ್ 2013ರಿಂದ ‘ಟ್ರಿಪಲ್ ವಿನ್’ ಅನ್ನುವ ಸರ್ಕಾರಿ ಒಪ್ಪಂದದ ಮೂಲಕ ನರ್ಸ್‌ಗಳನ್ನು ಕಳಿಸುತ್ತಿದೆ. ಭಾಷಾ ತರಗತಿಗೆ ನರ್ಸ್ ದುಡ್ಡು ಕೊಡಬೇಕಿಲ್ಲ. ಊರಲ್ಲಿ ಬಿ1 ಅನ್ನುವ ನಡು ಮಟ್ಟದ ಜರ್ಮನ್, ಅಲ್ಲಿ ಹೋಗಿ ಅದಕ್ಕಿಂತ ಮೇಲಿನ ಬಿ2. ಇದೇ ಯೋಜನೆ ಈಗ ಕೇರಳ ಸರ್ಕಾರದ ನೋರ್ಕಾ ಸಂಸ್ಥೆಯ ಮೂಲಕವೂ ನಡೆಯುತ್ತಿದೆ. ಜಪಾನಿನ ಒಪ್ಪಂದ 2008ರಲ್ಲಿ ಜಾರಿಗೆ ಬಂತು. ಅಲ್ಲಿ ಆಸ್ಪತ್ರೆಯಲ್ಲಿ ದುಡಿಯುತ್ತಲೇ ಜಪಾನೀ ಭಾಷೆಯಲ್ಲಿ ಅವರ ರಾಷ್ಟ್ರೀಯ ನರ್ಸಿಂಗ್ ಪರೀಕ್ಷೆ ಪಾಸಾಗಬೇಕು. ಭಾಷೆಯಿಂದಾಗಿ ಬಹಳ ಜನ ವಾಪಸ್ಸು ಬಂದರು. ಭಾಷೆ ಕಲಿಯುವ ತಾಳ್ಮೆ ಇದ್ದವರಿಗೆ ಮಾತ್ರ ಈ ಎರಡು ದೇಶಗಳು.

ಹಂತ 5: ಇಂಗ್ಲಿಷ್ ಪರೀಕ್ಷೆ

ಎನ್‌ಎಂಸಿಗೆ ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಕೇಳುವುದು, ಓದುವುದು, ಮಾತಾಡುವುದಕ್ಕೆ 7, ಬರೆಯುವುದಕ್ಕೆ 6.5 ಬೇಕು. ಆರೋಗ್ಯ ಕ್ಷೇತ್ರದವರಿಗೇ ಇರುವ ಓಇಟಿ ಪರೀಕ್ಷೆ ಆದರೆ ಮೂರಕ್ಕೆ ಬಿ, ಬರೆಯುವುದಕ್ಕೆ ಸಿ ಪ್ಲಸ್. ನನ್ನ ಸಲಹೆ ಓಇಟಿ. ಅದರಲ್ಲಿ ಬರುವುದು ರೋಗಿಯ ಜೊತೆ ಮಾತು, ಡಿಸ್ಚಾರ್ಜ್ ಪತ್ರ, ಅಂದರೆ ದಿನಾ ಮಾಡುವ ಕೆಲಸ. ಅಂಕಗಳು ಎರಡು ವರ್ಷ ಮಾತ್ರ ನಡೆಯುತ್ತವೆ. ಕಾಲೇಜು ಮುಗಿದ ಉತ್ಸಾಹಕ್ಕೆ ಬರೆದರೆ ಅನುಭವ ಪೂರ್ತಿಯಾಗುವ ಹೊತ್ತಿಗೆ ಅವಧಿ ಮುಗಿದು ಮತ್ತೆ ದುಡ್ಡು ಕಟ್ಟಬೇಕಾಗುತ್ತದೆ. ಎರಡನೇ ವರ್ಷದ ನಡುವೆ ಬರೆಯಿರಿ.

ಹಂತ 6: ಏಜೆನ್ಸಿ ಮತ್ತು ದುಡ್ಡು

ಫಿಲಿಪ್ಪೀನ್ಸ್‌ನಲ್ಲಿ ವಲಸೆ ಕಾರ್ಮಿಕರಿಗೆ ಪ್ರತ್ಯೇಕ ಇಲಾಖೆಯೇ ಇದೆ. 2021ರ ಡಿಸೆಂಬರ್‌ನಲ್ಲಿ ಸಹಿಯಾದ ಕಾಯ್ದೆಯಿಂದ ಹುಟ್ಟಿದ್ದು, ಹೆಸರು ಡಿಎಂಡಬ್ಲ್ಯು. ಹೊಸ ನರ್ಸ್ ಮೊದಲು ನೋಡಬೇಕಾದದ್ದು ಅದರ ವೆಬ್‌ಸೈಟ್. ಏಜೆನ್ಸಿಗೆ ಲೈಸೆನ್ಸ್ ಇದೆಯಾ, ಅದು ಚಾಲ್ತಿಯಲ್ಲಿದೆಯಾ, ಈ ಆಸ್ಪತ್ರೆಗೆ ಇಷ್ಟು ನರ್ಸ್ ಬೇಕು ಅನ್ನುವ ಬೇಡಿಕೆಗೆ ಒಪ್ಪಿಗೆ ಸಿಕ್ಕಿದೆಯಾ ಅನ್ನುವುದು ಮೂರೂ ಅಲ್ಲಿ ಸಿಗುತ್ತದೆ. ಏಜೆನ್ಸಿ ಅಸಲಿಯಾಗಿದ್ದು ಕೆಲಸ ಮಾತ್ರ ಇಲ್ಲದಿರುವುದೂ ಉಂಟು. ಹಾಗಾಗಿ ಮೂರನೆಯದನ್ನು ಬಿಡಬೇಡಿ.

ಏಜೆನ್ಸಿ ಪಡೆಯುವ ಶುಲ್ಕ ಒಂದು ತಿಂಗಳ ಮೂಲ ಸಂಬಳ ಮೀರಬಾರದು ಅಂತ ಅಲ್ಲಿನ ನಿಯಮ. ಬ್ರಿಟನ್‌ನಂಥ ದೇಶಕ್ಕೆ ಹೋಗುವವರಿಂದ ಅದನ್ನೂ ಪಡೆಯುವಂತಿಲ್ಲ. ಮೂರು ಅಥವಾ ಹೆಚ್ಚು ಜನರಿಗೆ ಅಕ್ರಮ ನೇಮಕಾತಿಯ ಮೋಸ ಮಾಡಿದರೆ ಜೀವಾವಧಿ ಶಿಕ್ಷೆ ಆಗಬಹುದು.

ಭಾರತದಲ್ಲೂ ಮಿತಿ ಇದೆ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ತೆರಿಗೆ. ಏಜೆಂಟರ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇದೆಯಾ ನೋಡಿ. ಹತ್ತನೇ ತರಗತಿ ಪಾಸಾದವರಿಗೆ ಸಾಮಾನ್ಯವಾಗಿ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಹೊರದೇಶದ ಕೆಲಸಕ್ಕೆ ಹೋಗಲು ಸರ್ಕಾರದ ಒಪ್ಪಿಗೆ, ಬೇಡ. ಆದರೆ ಸೌದಿ, ಕುವೈತ್, ಯುಎಇ ಸೇರಿ 18 ದೇಶಗಳಿಗೆ ಹೋಗುವ ನರ್ಸ್‌ಗಳಿಗೆ 2015ರಿಂದ ಅದು ಬೇಕು. ಆ ನಿಯಮ ತರಲು ಕಾರಣ ಇತ್ತು. ಅದೇ ವರ್ಷ ಕೊಚ್ಚಿಯಲ್ಲಿ, ಕುವೈತ್ ಆರೋಗ್ಯ ಇಲಾಖೆಗೆ ನರ್ಸ್‌ಗಳನ್ನು ಕಳಿಸಲು 19,500 ರೂಪಾಯಿ ಪಡೆಯಬೇಕಾದ ಕಡೆ ತಲಾ 19.5 ಲಕ್ಷ ವಸೂಲಿ ಮಾಡಿದ ಆರೋಪದ ಮೇಲೆ ಸಿಬಿಐ ಕೇಸು ಹಾಕಿತು. ಮನೆ ಅಡವಿಟ್ಟು ಕೊಟ್ಟ ದುಡ್ಡದು. ಕರ್ನಾಟಕದಲ್ಲಿ ಕೌಶಲ್ಯಾಭಿವೃದ್ಧಿ ನಿಗಮದ ಅಡಿ ಇಂಟರ್‌ನ್ಯಾಷನಲ್ ಮೈಗ್ರೇಶನ್ ಸೆಂಟರ್ ಇದೆ. ಖಾಸಗಿ ಏಜೆಂಟರ ಬಳಿ ಹೋಗುವ ಮೊದಲು ಅಲ್ಲಿ ವಿಚಾರಿಸಿ.

ದುಡ್ಡು ಕೊಟ್ಟಿದ್ದಕ್ಕೆಲ್ಲ ರಸೀದಿ ಕೇಳಿ. ರಸೀದಿ ಕೊಡದವರಿಗೆ ದುಡ್ಡು ಕೊಡಬೇಡಿ. ಪಾಸ್‌ಪೋರ್ಟ್ ತಮ್ಮ ಬಳಿಯೇ ಇರಲಿ ಅನ್ನುವವರಿಂದ ದೂರ ಇರಿ.

ಹಂತ 7: ಕರಾರು ಓದಿ ಸಹಿ, ಆಮೇಲೆ ವಿಮಾನ

ಮನಿಲಾದಿಂದ ಹೊರಡುವ ನರ್ಸ್‌ನ ಕರಾರನ್ನು ಆ ದೇಶದಲ್ಲಿರುವ ಫಿಲಿಪ್ಪೀನ್ಸ್‌ನ ವಲಸೆ ಕಾರ್ಮಿಕರ ಕಚೇರಿ ಪರಿಶೀಲಿಸುತ್ತದೆ. ಸಂಬಳ, ಕೆಲಸದ ಗಂಟೆ, ವಸತಿ, ರಜೆ, ವಾಪಸ್ಸು ಬರುವ ಟಿಕೆಟ್ ಎಲ್ಲ ಅದರಲ್ಲಿ ಇರಬೇಕು. ಹೊರಡುವ ಮುಂಚೆ ಕಡ್ಡಾಯ ಮಾಹಿತಿ ತರಬೇತಿ, ಕಾರ್ಮಿಕರ ಕಲ್ಯಾಣ ಸಂಸ್ಥೆಯ 25 ಡಾಲರ್ ಸದಸ್ಯತ್ವ, ಕೊನೆಗೆ ಒಇಸಿ ಅನ್ನುವ ಅನುಮತಿ ಪತ್ರ. ಅದಿಲ್ಲದೆ ಟೂರಿಸ್ಟ್ ವೀಸಾದಲ್ಲಿ ಕೆಲಸಕ್ಕೆ ಹೊರಟವರನ್ನು ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ‘ಆಫ್‌ಲೋಡ್ ಆದೆ’ ಅನ್ನುವ ಮಾತು ಅಲ್ಲಿ ಎಲ್ಲರಿಗೂ ಗೊತ್ತು. ಕಿರಿಕಿರಿ ಅನ್ನಿಸಿದರೂ ಇದರಿಂದ ಒಂದು ಉಪಯೋಗ ಇದೆ. ಮುಂದೆ ಆಸ್ಪತ್ರೆ ಸಂಬಳ ನಿಲ್ಲಿಸಿದರೆ, ‘ನಮ್ಮವರು ಇಂಥ ಕರಾರಿನ ಮೇಲೆ ಬಂದಿದ್ದಾರೆ’ ಅಂತ ತೋರಿಸಲು ಸರ್ಕಾರದ ಬಳಿ ದಾಖಲೆ ಇರುತ್ತದೆ. ನಮ್ಮಲ್ಲಿ ಇ-ಮೈಗ್ರೇಟ್ ಮೂಲಕ ಹೋದವರಿಗೂ ಅಂಥ ದಾಖಲೆ ಸಿಗುತ್ತದೆ, ಜೊತೆಗೆ 10 ಲಕ್ಷದ ಪ್ರವಾಸಿ ಭಾರತೀಯ ಬಿಮಾ ಯೋಜನೆ. ಎರಡು ವರ್ಷದ ಅದರ ಕಂತು 275 ರೂಪಾಯಿ ಮಾತ್ರ.

ಕರಾರಿನಲ್ಲಿ ಮೊದಲು ಹುಡುಕಬೇಕಾದದ್ದು ಮಧ್ಯೆ ಬಿಟ್ಟರೆ ಎಷ್ಟು ಕಟ್ಟಬೇಕು ಅನ್ನುವ ಸಾಲು. ವಿಮಾನ ಟಿಕೆಟ್, ಪರೀಕ್ಷೆಯ ಖರ್ಚಿನ ಸ್ವಲ್ಪ ಭಾಗವನ್ನು, ತಿಂಗಳು ಕಳೆದಂತೆ ಕಮ್ಮಿಯಾಗುವ ಲೆಕ್ಕದಲ್ಲಿ ವಾಪಸ್ಸು ಕೇಳುವುದು ಬೇರೆ. ಹೆದರಿಸಲು ದೊಡ್ಡ ಮೊತ್ತ ಬರೆಯುವುದು ಬೇರೆ. ನ್ಯೂಯಾರ್ಕ್‌ನಲ್ಲಿ ನರ್ಸಿಂಗ್ ಹೋಂಗಳಿಗೆ ಬಂದ ಫಿಲಿಪಿನೋ ನರ್ಸ್‌ಗಳ ಕರಾರಿನಲ್ಲಿ, ಮಧ್ಯೆ ಬಿಟ್ಟರೆ 25,000 ಡಾಲರ್ ವರೆಗೂ ಕಟ್ಟಬೇಕು ಅಂತ ಇತ್ತು. ಅವರು ಒಟ್ಟಾಗಿ ಕೋರ್ಟಿಗೆ ಹೋದರು. 2019ರ ಸೆಪ್ಟೆಂಬರ್‌ನಲ್ಲಿ ಫೆಡರಲ್ ನ್ಯಾಯಾಧೀಶರು ಆ ಷರತ್ತನ್ನು ಜಾರಿ ಮಾಡುವಂತಿಲ್ಲ, ಅದು ಮಾನವ ಕಳ್ಳಸಾಗಣೆ ತಡೆ ಕಾಯ್ದೆಗೆ ವಿರುದ್ಧ ಅಂದರು. ಆ ನರ್ಸ್‌ಗಳ ಧೈರ್ಯಕ್ಕೆ ನಾವೆಲ್ಲ ಋಣಿಗಳು.

ಸಹಿ ಮಾಡಿದ ಕರಾರಿನ ಪ್ರತಿ, ಪಾಸ್‌ಪೋರ್ಟ್, ವೀಸಾ, ನೋಂದಣಿ ಪತ್ರಗಳ ಫೋಟೋ ತೆಗೆದು ಮನೆಯವರಿಗೂ ಕಳಿಸಿ, ನಿಮ್ಮ ಇಮೇಲ್‌ನಲ್ಲೂ ಇಡಿ. ಅಲ್ಲಿ ಇಳಿದ ಮೇಲೆ ಬೇರೆ ಕರಾರು ಮುಂದಿಟ್ಟು ಸಹಿ ಕೇಳಿದರೆ ಆ ದಿನ ಹಾಕಬೇಡಿ. ಮೊದಲು ಹಳೆಯದರ ಜೊತೆ ಸಾಲು ಸಾಲಾಗಿ ಹೋಲಿಸಿ, ಸಂಬಳವೋ ಹುದ್ದೆಯೋ ಬದಲಾಗಿದ್ದರೆ ರಾಯಭಾರ ಕಚೇರಿಯ ಕಾರ್ಮಿಕ ವಿಭಾಗಕ್ಕೆ ಎರಡೂ ಪ್ರತಿ ಕಳಿಸಿ. ಬ್ರಿಟನ್‌ಗೆ ಹೋದವರು ಬಂದ ವಾರವೇ ಆಸ್ಕಿ ತಾರೀಖು ಕೇಳಿಕೊಳ್ಳಿ. ಅದು ಪಾಸಾಗಿ ಪಿನ್ ಅನ್ನುವ ಎನ್‌ಎಂಸಿ ನೋಂದಣಿ ನಂಬರ್ ಬರುವವರೆಗೆ ಸಂಬಳ ನರ್ಸ್‌ಗಿಂತ ಕೆಳಗಿನ ದರ್ಜೆಯದು. ಮನೆಗೆ ಎಷ್ಟು ಕಳಿಸುತ್ತೇನೆ ಅಂತ ಮಾತು ಕೊಡುವಾಗ ಆ ಕಮ್ಮಿ ಸಂಬಳದ ಲೆಕ್ಕ ಹಿಡಿದೇ ಹೇಳಿ.